ಸಕ್ಕರೆ ಕಾಯಿಲೆ ಇರುವ ಅಮ್ಮನನ್ನು ಜಂಬೂ ಸವಾರಿಗೆ ಕರೆದುಕೊಂಡು ಹೋಗಬಹುದಾ? ಜನರ ಮಧ್ಯೆ ತಲೆ ಸುತ್ತಿದರೆ ಏನು ಮಾಡೋದು?

ಖಂಡಿತ ಕರೆದುಕೊಂಡು ಹೋಗಿ. ಅಂಬಾರಿ ನೋಡಬೇಕು ಅಂತ ಆಸೆಪಟ್ಟಿದ್ದಾರೆ, ಬೇಡ ಅನ್ನಬೇಡಿ.

ನಾನು ನರ್ಸ್. ದಸರಾ, ಜಾತ್ರೆಗಳಲ್ಲಿ ಪ್ರಥಮ ಚಿಕಿತ್ಸೆಯ ಡ್ಯೂಟಿ ಮಾಡಿದ್ದೇನೆ. ನಮ್ಮ ಹತ್ತಿರ ಬರುವವರಲ್ಲಿ ಬಿದ್ದು ಗಾಯ ಮಾಡಿಕೊಂಡವರಿಗಿಂತ, ಖಾಲಿ ಹೊಟ್ಟೆಯಲ್ಲಿ ಬಿಸಿಲಿಗೆ ಕೂತವರೇ ಜಾಸ್ತಿ. ಮೆರವಣಿಗೆ ಹೊರಡೋದು ಮಧ್ಯಾಹ್ನದ ಮೇಲೆ. ಜಾಗ ಸಿಗಲ್ಲ ಅಂತ ಜನ ಬೆಳಿಗ್ಗೆಯೇ ಸಯ್ಯಾಜಿರಾವ್ ರಸ್ತೆಗೆ ಬಂದು ಕೂರುತ್ತಾರೆ. ಮಾತ್ರೆ ನುಂಗಿರುತ್ತಾರೆ, ಅವಸರದಲ್ಲಿ ತಿಂಡಿ ಬಿಟ್ಟಿರುತ್ತಾರೆ. ಆಗ ಸಕ್ಕರೆ ಅಂಶ ಸರ್ರನೆ ಇಳಿಯುತ್ತದೆ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಬಿಸಿಲಿಗೆ ಹೀಗಾಯ್ತು ಅಂತ ಸುಮ್ನೆ ಗಾಳಿ ಬೀಸುತ್ತಾ ಕೂರಬೇಡಿ. ಎಚ್ಚರ ಇದ್ದರೆ ತಕ್ಷಣ ಮೂರು ನಾಲ್ಕು ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ, ಆಮೇಲೆ ಹೊಟ್ಟೆಗೆ ಏನಾದರೂ ತಿನ್ನಿಸಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಹನಿ ನೀರೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮಗ್ಗುಲಾಗಿ ಮಲಗಿಸಿ, ಸುತ್ತ ನಿಂತವರನ್ನು ಹಿಂದೆ ಸರಿಸಿ.

ಇನ್ನೊಂದು ವಿಷಯ ನೋಡಿದರೆ ನನಗೆ ಪ್ರತಿ ಸಲವೂ ಸಂಕಟ ಆಗುತ್ತದೆ. ಶೌಚಾಲಯಕ್ಕೆ ಎಲ್ಲಿ ಹೋಗೋದು ಅಂತ ಹೆಂಗಸರು ಇಡೀ ದಿನ ನೀರೇ ಕುಡಿಯುವುದಿಲ್ಲ. ಹೋದ ತಕ್ಷಣ ಶೌಚಾಲಯ ಎಲ್ಲಿದೆ ಅಂತ ಅಮ್ಮನಿಗೆ ತೋರಿಸಿಬಿಡಿ, ಆಮೇಲೆ ಅವರು ಧೈರ್ಯವಾಗಿ ನೀರು ಕುಡಿಯುತ್ತಾರೆ.

ನೂಕುನುಗ್ಗಲಿನ ಭಯವೂ ಸುಳ್ಳಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತರಲ್ಲ, ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಇಂಥ ಕಡೆ ಜೀವ ಹೋಗೋದು ಕಾಲಡಿ ಸಿಕ್ಕಿ ಮಾತ್ರ ಅಲ್ಲ, ನಿಂತಲ್ಲೇ ನಾಲ್ಕು ಕಡೆಯಿಂದ ಒತ್ತಡ ಬಿದ್ದು ಎದೆ ಹಿಗ್ಗಲಿಕ್ಕೆ ಜಾಗ ಇಲ್ಲದೆ ಉಸಿರುಗಟ್ಟಿಯೂ ಸಾಯುತ್ತಾರೆ. ಭುಜಕ್ಕೆ ಭುಜ ತಾಗಲು ಶುರುವಾದಾಗಲೇ ಹೊರಟುಬಿಡಿ. ಸಿಕ್ಕಿಕೊಂಡರೆ ಎರಡೂ ಕೈ ಮಡಚಿ ಎದೆ ಮುಂದೆ ಹಿಡಿಯಬೇಕು. ಚಪ್ಪಲಿ ಜಾರಿದರೆ ಹೋಗಲಿ, ಬಗ್ಗಬಾರದು.

ಮತ್ತೆ ಕೂರುವ ಜಾಗ. ಮುಂದಿನ ಸಾಲಿಗಿಂತ ಅಡ್ಡರಸ್ತೆ ಪಕ್ಕದ ಜಾಗ ಒಳ್ಳೆಯದು. 108ಕ್ಕೆ ಫೋನ್ ಮಾಡಿದರೂ ಆ ಜನಸಂದಣಿಯಲ್ಲಿ ಆಂಬುಲೆನ್ಸ್ ನಿಮ್ಮ ತನಕ ಬರೋದು ಕಷ್ಟ, ಜೊತೆಗೆ ಹತ್ತಿರದ ಪೊಲೀಸರಿಗೂ ಹೇಳಿ. ಅವರ ಹತ್ತಿರ ವಾಕಿಟಾಕಿ ಇರುತ್ತದೆ. ಮಾತ್ರೆಗಳ ಹೆಸರು, ನಿಮ್ಮ ನಂಬರ್ ಬರೆದ ಚೀಟಿ ಅಮ್ಮನ ಪರ್ಸಿನಲ್ಲೇ ಇರಲಿ.

ಅವರು ಇನ್ಸುಲಿನ್ ತಗೊಳ್ತಾರಾ? ಹಾಗಿದ್ದರೆ ಆ ದಿನ ಎಷ್ಟು ತಗೊಳ್ಳಬೇಕು ಅಂತ ಮೊದಲೇ ಅವರ ಡಾಕ್ಟರನ್ನು ಕೇಳಿ, ನೀವೇ ಕಡಿಮೆ ಮಾಡಬೇಡಿ.