ಪ್ರಕರಣ: ಇಂಗ್ಲಿಷ್ ಕಲಿಯುತ್ತಾ ಗುರಿ ಬದಲಾಯಿಸುತ್ತಲೇ ಇದ್ದವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಇವರನ್ನು 'ಸ' ಎಂದು ಕರೆಯೋಣ. ವಯಸ್ಸು ಮೂವತ್ತೈದರ ಮೇಲೆ. ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಸಲಹೆ ಕೇಳಲು ನನ್ನ ಬಳಿ ಬಂದು ಕೂತವರೇ ಹೇಳಿದರು: "ಮೇಡಂ, ನನಗೆ ಹಠವೇ ಇಲ್ಲ. ಇಂಗ್ಲಿಷ್ ಕಲಿಯೋಕೆ ಶುರು ಮಾಡ್ತೀನಿ, ಅರ್ಧಕ್ಕೆ ಬಿಡ್ತೀನಿ."

ಅವರ ನೋಟ್‌ಬುಕ್ ನೋಡಿದರೆ ಹಾಗೆ ಅನ್ನಿಸಲಿಲ್ಲ. ಎರಡು ವರ್ಷದ ಬರಹ ಅದರಲ್ಲಿತ್ತು. ಮೊದಲು ವ್ಯಾಕರಣ. ಆಮೇಲೆ ದಿನಕ್ಕೆ 20 ಹೊಸ ಪದ. ಪರಿಚಯದವರೊಬ್ಬರು ಐಇಎಲ್‌ಟಿಎಸ್‌ನಲ್ಲಿ (ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ) 7 ಬ್ಯಾಂಡ್ ಅಂಕ ತೆಗೆದರು ಅಂತ ಅದರ ತಯಾರಿ, ವಿದೇಶಕ್ಕೆ ಹೋಗುವ ಯೋಚನೆಯೇ ಇಲ್ಲದಿದ್ದರೂ! ಬಳಿಕ ಉಚ್ಚಾರಣೆಯ ವಿಡಿಯೊಗಳು. ಕೊನೆಗೆ ಆ್ಯಪ್‌ನ ಸ್ಟ್ರೀಕ್, ಅಂದರೆ ಒಂದು ದಿನವೂ ತಪ್ಪಿಸದೆ ಬಂದ ದಿನಗಳ ಎಣಿಕೆ, ಮುರಿಯದಂತೆ ಕಾಯುವುದು. ಏನೂ ಓದದೆ ಬಿಟ್ಟ ದಿನಗಳು ತೀರಾ ಕಡಿಮೆ. ಇಷ್ಟು ದುಡಿದವರಿಗೆ ಹಠ ಇಲ್ಲ ಅನ್ನೋಕೆ ಆಗುತ್ತಾ? ಆದರೆ ತಿಂಗಳು, ಎರಡು ತಿಂಗಳಿಗೊಮ್ಮೆ ಗುರಿ ಬದಲಾಗುತ್ತಿತ್ತು. ಹೊಸ ಗುರಿ ಹೆಚ್ಚಾಗಿ ಬೇರೆ ಯಾರದೋ ಆಗಿರುತ್ತಿತ್ತು.

"ಇಂಗ್ಲಿಷ್ ಬಂದರೆ ಏನು ಮಾಡ್ತೀರಿ?" ಎಂದು ಕೇಳಿದೆ.

"ಚೆನ್ನಾಗಿ ಮಾತಾಡ್ತೀನಿ."

"ಯಾರ ಜೊತೆ? ಯಾವಾಗ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಸೋಮವಾರದ ಮೀಟಿಂಗ್ ಬಗ್ಗೆ ಹೇಳಿದರು. ಲೆಕ್ಕ ಸಿದ್ಧ ಮಾಡುವುದು ಇವರು. ಅದನ್ನು ಇಂಗ್ಲಿಷ್‌ನಲ್ಲಿ ವಿವರಿಸುವುದು ಸಹೋದ್ಯೋಗಿ. ಪ್ರಶ್ನೆ ಬಂದರೆ ಇವರಿಗೆ ಉತ್ತರ ಗೊತ್ತು, ಬಾಯೇ ಬರಲ್ಲ. ನೋಟ್‌ಬುಕ್ಕಿನ ಯಾವ ಪುಟದಲ್ಲೂ ಈ ಮೀಟಿಂಗ್ ಇರಲಿಲ್ಲ.

ಎರಡನೇ ಭಾಷೆ ಕಲಿಯುವವರ ಮನಸ್ಸಿನ ಬಗ್ಗೆ ಜೋಲ್ಟಾನ್ ಡೋರ್ನ್ಯೇ ಎಂಬ ಸಂಶೋಧಕರು 2005ರಲ್ಲಿ ಒಂದು ವಿಚಾರ ಮುಂದಿಟ್ಟರು. ಕಲಿಯಲು ನಮ್ಮನ್ನು ದೂಡುವ ಎರಡು ಚಿತ್ರಗಳು ಅದರಲ್ಲಿವೆ. ನಾನು ಏನಾಗಲು ಬಯಸುತ್ತೇನೆ ಎಂಬುದು ಒಂದು. ಬೇರೆಯವರ ನಿರೀಕ್ಷೆಗೆ ತಕ್ಕಂತೆ ಏನಾಗಬೇಕು ಎಂಬುದು ಇನ್ನೊಂದು. ಸ ಅವರನ್ನು ಎರಡು ವರ್ಷ ಓಡಾಡಿಸಿದ್ದು ಎರಡನೆಯದು.

ಮುಂದಿನ ಮೂರು ತಿಂಗಳಿಗೆ ಒಂದೇ ಗುರಿ ಇಟ್ಟುಕೊಳ್ಳಿ ಎಂದೆ. ಮೀಟಿಂಗ್‌ನಲ್ಲಿ ತಮ್ಮ ಲೆಕ್ಕವನ್ನು ಎರಡು ನಿಮಿಷ ತಾವೇ ವಿವರಿಸುವುದು.

"ಇಷ್ಟೇನಾ? ನಾಚಿಕೆ ಆಗುತ್ತೆ ಮೇಡಂ."

ಈ ಮಾತನ್ನು ನಾವು ತುಂಬ ಹೊತ್ತು ಚರ್ಚಿಸಿದೆವು. 'ನಿರರ್ಗಳವಾಗಿ ಮಾತಾಡಬೇಕು' ಎಂಬ ದೊಡ್ಡ ಗುರಿಗೆ ಒಂದು ಅನುಕೂಲ ಇದೆ. ಅದಕ್ಕೆ ಪರೀಕ್ಷೆಯ ದಿನವೇ ಇಲ್ಲ, ಹಾಗಾಗಿ ಸೋಲೂ ಕಾಣಿಸಲ್ಲ. ಚಿಕ್ಕ ಗುರಿ ಬರುವ ಸೋಮವಾರವೇ ನಿಮ್ಮನ್ನು ನಿಲ್ಲಿಸಿ ಕೇಳುತ್ತದೆ. ಮಾತಾಡುವ ಹೊತ್ತು ಹತ್ತಿರ ಬಂದಾಗೆಲ್ಲ ಹೊಸ ಪುಸ್ತಕ, ಹೊಸ ಆ್ಯಪ್ ಹಿಡಿಯುತ್ತಿದ್ದೆ ಎಂದು ಅವರೇ ಒಪ್ಪಿಕೊಂಡರು. ಸೋಮಾರಿತನಕ್ಕಿಂತ ಭಯವೇ ಜಾಸ್ತಿ ಗುರಿ ಬದಲಿಸುತ್ತದೆ ಎಂಬುದು ನನ್ನ ಅನುಭವ.

ಇನ್ನೊಂದು ಲೆಕ್ಕವನ್ನೂ ಮುಂದಿಟ್ಟೆ. ಭಾಷೆ ಎಷ್ಟು ಬರುತ್ತದೆ ಎಂದು ಅಳೆಯುವ ಎ1, ಎ2, ಬಿ1, ಬಿ2 ಎಂಬ ಹಂತಗಳಿವೆ. ಎ2ನಿಂದ ಬಿ1, ಬಿ1ನಿಂದ ಬಿ2, ಹೀಗೆ ಒಂದು ಹಂತ ಏರಲು ಸುಮಾರು 200 ಗಂಟೆಯ ಕಲಿಕೆ ಬೇಕು ಎಂಬುದು ಕೇಂಬ್ರಿಡ್ಜ್ ಪರೀಕ್ಷೆ ನಡೆಸುವವರ ಅಂದಾಜು. ದಿನಕ್ಕೆ ಅರ್ಧ ಗಂಟೆ ಎಂದರೆ ಒಂದು ವರ್ಷ ದಾಟುತ್ತದೆ. ತಿಂಗಳಿಗೊಮ್ಮೆ ದಾರಿ ಬದಲಿಸಿದರೆ ಫಲ ಕಾಣುವುದು ಯಾವಾಗ?

ಅಭ್ಯಾಸಕ್ಕೆ ಹೊತ್ತನ್ನೂ ಜಾಗವನ್ನೂ ಮೊದಲೇ ಗೊತ್ತು ಮಾಡಿದೆವು. 'ಹೀಗಾದಾಗ ಹೀಗೆ ಮಾಡುತ್ತೇನೆ' ಎಂದು ಮೊದಲೇ ನಿರ್ಧರಿಸಿದವರು ಹೆಚ್ಚು ಪಾಲಿಸುತ್ತಾರೆ ಎಂದು ಪೀಟರ್ ಗೋಲ್ವಿಟ್ಸರ್ ಅವರ ಸಂಶೋಧನೆ ತೋರಿಸಿದೆ. ಸ ಅವರದ್ದು ಹೀಗಿತ್ತು: ಕೆಲಸದ ಫೈಲ್ ಮುಚ್ಚಿದ ಕೂಡಲೇ, ಅದೇ ಕುರ್ಚಿಯಲ್ಲಿ ಕೂತು, ಆ ದಿನದ ಒಂದು ಲೆಕ್ಕವನ್ನು ಇಂಗ್ಲಿಷ್‌ನಲ್ಲಿ ಹೇಳಿ ಫೋನ್‌ನಲ್ಲಿ ರೆಕಾರ್ಡ್ ಮಾಡುವುದು. ಉತ್ತರ ಹೊಳೆಯದಿದ್ದರೆ ಹೇಳಲು ಒಂದು ವಾಕ್ಯ ಬಾಯಿಪಾಠ: 'ಐ ವಿಲ್ ಚೆಕ್ ಅಂಡ್ ಟೆಲ್ ಯು.' ಬೇರೆ ಆಸೆಗಳಿಗೆಲ್ಲ ನೋಟ್‌ಬುಕ್ಕಿನ ಕೊನೆಯಲ್ಲಿ 'ಆಮೇಲೆ' ಎಂಬ ಪುಟ.

ಸ್ಟ್ರೀಕ್ ಬಿಡಲು ಅವರಿಗೆ ಮನಸ್ಸಿರಲಿಲ್ಲ. ನನಗಂತೂ ಅದರ ಮೇಲೆ ಪ್ರೀತಿ ಇಲ್ಲ. ಅದು ಹಾಜರಿ ಎಣಿಸುತ್ತದೆ, ಅಷ್ಟೇ. ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಹೊಸ ಅಭ್ಯಾಸ ಕೂಡಿಬರಲು ಜನರಿಗೆ 18ರಿಂದ 254 ದಿನ ಬೇಕಾಗಬಹುದು ಎಂದು ಕಂಡುಬಂತು. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಿರಲಿಲ್ಲ. ತಪ್ಪಿದರೆ ಮರುದಿನ ದುಪ್ಪಟ್ಟು ಮಾಡಲು ಹೋಗಬೇಡಿ, ಎಂದಿನಷ್ಟೇ ಮಾಡಿ ಎಂದೆ.

ಎರಡನೇ ತಿಂಗಳಲ್ಲಿ ಕೈಕೊಡುವ ಹಾಗಾಯಿತು. ಸಹೋದ್ಯೋಗಿಯೊಬ್ಬರು ಒಂದು ಕೋರ್ಸ್‌ಗೆ ಸೇರಿದ್ದರು, ಇವರಿಗೂ ಸೇರುವ ಆಸೆ. ಬೇಡ ಎನ್ನಲಿಲ್ಲ. ಮೊದಲ ವಾರದ ರೆಕಾರ್ಡಿಂಗ್ ಮತ್ತು ಈಗಿನದ್ದನ್ನು ಒಟ್ಟಿಗೆ ಕೇಳಿಸಿದೆ. ಮೊದಲನೆಯದರಲ್ಲಿ ತಡವರಿಕೆಯೇ ಹೆಚ್ಚು, ಈಗಿನದರಲ್ಲಿ ತಪ್ಪುಗಳಿದ್ದರೂ ಮಾತು ನಿಂತಿರಲಿಲ್ಲ. ಕೋರ್ಸ್ 'ಆಮೇಲೆ' ಪುಟಕ್ಕೆ ಹೋಯಿತು.

ಮೂರನೇ ತಿಂಗಳಲ್ಲಿ ಮೀಟಿಂಗ್‌ನಲ್ಲಿ ಅವರೇ ಮಾತಾಡಿದರು. ಒಂದು ಪ್ರಶ್ನೆಗೆ ಸಿಕ್ಕಿಬಿದ್ದು, ಬಾಯಿಪಾಠದ ವಾಕ್ಯ ಹೇಳಿ ಪಾರಾದರಂತೆ. 'ಆಮೇಲೆ' ಪುಟದಲ್ಲಿದ್ದ ಐಇಎಲ್‌ಟಿಎಸ್ ಅನ್ನು ಅವರೇ ಹೊಡೆದುಹಾಕಿದ್ದಾರೆ. ಉಚ್ಚಾರಣೆಯನ್ನು ಮಾತ್ರ ಮುಂದಿನ ಗುರಿಯಾಗಿ ಎತ್ತಿಕೊಂಡಿದ್ದಾರೆ. ಅವರು ಫಿಫ್ಟೀನ್ ಅಂದದ್ದು ಮೀಟಿಂಗ್‌ನಲ್ಲಿ ಕೆಲವರಿಗೆ ಫಿಫ್ಟಿ ಎಂದು ಕೇಳಿಸಿತ್ತಂತೆ.