ತಿಂಗಳ ಚಂದಾ ಕಟ್ಟಿ ಆನ್‌ಲೈನ್ ರೋಲ್ ಪ್ಲೇಯಿಂಗ್ ಗೇಮ್ (ನಮ್ಮದೇ ಒಂದು ಪಾತ್ರ ಕಟ್ಟಿ ಬೆಳೆಸೋ ಆಟ) ಆಡೋದು ದಂಡವೇ?

ಜೊತೆಗೆ ಆಡೋರಿದ್ದು, ವಾರಕ್ಕೆ ಒಂದೆರಡು ಸಂಜೆ ನಿಜವಾಗ್ಲೂ ಬಿಡುವಿದ್ದರೆ ದಂಡ ಅಲ್ಲ. ಇಂಥದ್ದೇ ಆಟವಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗೆ 2004ರಿಂದಲೂ ಅಮೆರಿಕದಲ್ಲಿ ತಿಂಗಳಿಗೆ ಸುಮಾರು 15 ಡಾಲರ್. ಗಂಟೆ ಲೆಕ್ಕದಲ್ಲಿ ನೋಡಿದರೆ ಅಗ್ಗವೇ. ಕಷ್ಟ ಇರೋದು ಸಮಯದ್ದು, ದುಡ್ಡು ಕಟ್ಟಿದ್ದೀನಲ್ಲ ಅಂತ ಮನಸ್ಸಿಲ್ಲದಿದ್ದರೂ ಸುಮ್ನೆ ಲಾಗಿನ್ ಆಗೋ ಅಭ್ಯಾಸ ಬೀಳುತ್ತದೆ.

ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಇನ್ನೊಂದು ಮಾತು. ರೇಡ್ ಅಂದರೆ ಹತ್ತಿಪ್ಪತ್ತು ಜನ ಸೇರಿ ಆಟದೊಳಗಿನ ದೊಡ್ಡ ಶತ್ರುಗಳ ಜೊತೆ ಎರಡು ಮೂರು ಗಂಟೆ ಒಟ್ಟಿಗೆ ಕಾದಾಡೋದು. ಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯಿತು ಅಂದುಕೊಳ್ಳಿ, ಗಾಯ ವಾಸಿ ಮಾಡೋ ಹೀಲರ್ ನೀವೇ ಆಗಿದ್ದರೆ ಇಡೀ ತಂಡ ಸತ್ತು, ಆ ಕಾಳಗ ಮತ್ತೆ ಮೊದಲಿಂದ ಶುರು, ಪಾಪ ಅವರ ಸಂಜೆಯೂ ಹಾಳು ಅಲ್ವಾ? ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ಚಂದಾ ನಿಲ್ಲಿಸಿ. ನಿಮ್ಮ ಪಾತ್ರ ಎಲ್ಲೂ ಹೋಗೋದಿಲ್ಲ.

ಮೊದಲು ಪುಕ್ಕಟೆ ಆಡಿ ನೋಡಿ. ವಾರ್‌ಕ್ರಾಫ್ಟ್ 20ನೇ ಲೆವೆಲ್‌ವರೆಗೆ, ಫೈನಲ್ ಫ್ಯಾಂಟಸಿ 14 ಅಂತೂ 70ನೇ ಲೆವೆಲ್‌ವರೆಗೆ ದಿನಗಳ ಮಿತಿಯಿಲ್ಲದೆ ಬಿಡುತ್ತದೆ. ಆದರೆ ಫೈನಲ್ ಫ್ಯಾಂಟಸಿಯನ್ನು ಒಮ್ಮೆ ದುಡ್ಡು ಕೊಟ್ಟು ಕೊಂಡರೆ ಆ ಖಾತೆ ಮತ್ತೆ ಪುಕ್ಕಟೆಗೆ ಮರಳೋದಿಲ್ಲ, ಅವಸರ ಬೇಡ. ಚಂದಾನೇ ಬೇಡ ಅನ್ನೋರಿಗೆ ಗಿಲ್ಡ್ ವಾರ್ಸ್ 2 ಇದೆ.