ನಿಮ್ಮ ಕಣ್ಣನ್ನು ನಂಬಿ ಬರೆಯಿರಿ

ಬೀಳಗಿಯ ಲೇಖಕ ಮಿತ್ರರಿಗೆ ವಂದನೆಗಳು.

‘ಜಿಂಕೆ ಮರಿಯ ವಯಸ್ಸು ತಿಳಿಯುವ ಬಗೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ನಾಲ್ಕನೆಯ ಪುಟ ಓದಿದ ಮೇಲೆ ಕೈಬಿಡಲೂ ಮನಸ್ಸಾಗುತ್ತಿಲ್ಲ.

ಮೊದಲ ಮೂರು ಪುಟಗಳ ತೂಕದ ಲೆಕ್ಕ ಅಮೆರಿಕದ ಬಿಳಿಬಾಲದ ಜಿಂಕೆಯದು. ಹುಟ್ಟಿದ ದಿನ ಗೊತ್ತಿದ್ದ ಮರಿಗಳನ್ನು ಅಳೆದು ಅಲ್ಲಿನವರು ಕಟ್ಟಿಕೊಂಡ ಸೂತ್ರವನ್ನು ನೀವು ಯಡಹಳ್ಳಿ ವನ್ಯಜೀವಿ ಧಾಮದ ಚಿಂಕಾರ ಮರಿಗೆ ಹಚ್ಚಿದ್ದೀರಿ. ಊರಲ್ಲಿ ಎಲ್ಲರೂ ಜಿಂಕೆ ಎಂದೇ ಕರೆದರೂ ಚಿಂಕಾರ ಹುಲ್ಲೆಯ ಜಾತಿ. ಅದರ ಕೊಂಬು ಜಿಂಕೆಯದರಂತೆ ವರ್ಷಕ್ಕೊಮ್ಮೆ ಉದುರುವುದಿಲ್ಲ. ಬಿಳಿಬಾಲದ ಜಿಂಕೆಯಲ್ಲೇ ತಾಯಿಗೆ ಮೇವು ಸಾಲದಿದ್ದರೆ ಮರಿ ಬಡಕಲಾಗಿ ಹುಟ್ಟುತ್ತದೆ, ಅವಳಿಯಾದರಂತೂ ಇನ್ನೂ ಸಣ್ಣದು. ಹಾಗಿರುವಾಗ ತಕ್ಕಡಿಯೊಂದನ್ನೇ ನಂಬಿ ‘ವಯಸ್ಸು ನಾಲ್ಕು ದಿನ’ ಎಂದು ಖಡಾಖಂಡಿತವಾಗಿ ಬರೆಯಬಾರದು.

ಈಗ ನಾಲ್ಕನೆಯ ಪುಟ. ಜೋಳದ ಹೊಲದ ಬದುವಿನಲ್ಲಿ ಮಲಗಿದ್ದ ಮರಿಯ ಹೊಕ್ಕುಳಬಳ್ಳಿ ಹಸಿಯಾಗಿತ್ತು, ಗೊರಸಿನ ತುದಿಗೆ ಹಳದಿ ಬಣ್ಣದ ಮೆತ್ತನೆಯ ಹೊದಿಕೆ ಇತ್ತು ಎಂದಿದ್ದೀರಿ. ಎಂಥ ಒಳ್ಳೆಯ ನೋಟ! ಗರ್ಭದಲ್ಲಿ ತಾಯಿಗೆ ಗಾಯವಾಗದಂತೆ ಗೊರಸಿಗಿರುವ ಹೊದಿಕೆ ಅದು. ಮರಿ ಎದ್ದು ಓಡಾಡಿದಂತೆ ಸವೆದುಹೋಗುತ್ತದೆ. ಅಂದರೆ ಮರಿ ಹುಟ್ಟಿ ಹೆಚ್ಚು ಹೊತ್ತಾಗಿರಲಿಲ್ಲ. ನಿಮ್ಮ ಸೂತ್ರ ನಾಲ್ಕು ದಿನ ಎನ್ನುತ್ತದೆ, ನಿಮ್ಮ ಕಣ್ಣು ಇಂದೇ ಹುಟ್ಟಿದ್ದು ಎನ್ನುತ್ತದೆ. ಈ ಎರಡರ ಜಗಳ ನಿಮಗೆ ಕಾಣಲೇ ಇಲ್ಲ. ಲೇಖನ ಅಲ್ಲಿಂದಲೇ ಶುರುವಾಗಲಿ. ದಿನ ಕಳೆದಂತೆ ಕೂದಲಿನ ಅಂಚಿನಿಂದ ಹೊಸ ಗೊರಸು ಇಳಿಯುತ್ತದೆ, ಹುಟ್ಟಿದಾಗಿನ ಗೊರಸಿಗೂ ಅದಕ್ಕೂ ನಡುವೆ ಗೆರೆ ಮೂಡುತ್ತದೆ. ಆ ಬೆಳವಣಿಗೆಯನ್ನು ಅಳೆದು ಜಿಂಕೆ ಮರಿಗಳ ವಯಸ್ಸನ್ನು ಅಂದಾಜು ಮಾಡುತ್ತಾರೆ. ಅದನ್ನೂ ಹೇಳಿ, ಅಂದಾಜು ಎಂಬ ಮಾತನ್ನು ಮಾತ್ರ ಬಿಡಬೇಡಿ.

ಮರಿಯನ್ನು ಚೀಲಕ್ಕೆ ಹಾಕಿ ಉಳ್ಳಾಗಡ್ಡಿ ತೂಗುವ ತಕ್ಕಡಿಗೆ ನೇತುಹಾಕಿದ ಸಾಲು ಓದಿ ಸಂಕಟವಾಯಿತು. ಚಿಂಕಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಪಡೆದ ಪ್ರಾಣಿ. ತಾಯಿ ಮರಿಯನ್ನು ಮರೆಯಲ್ಲಿ ಮಲಗಿಸಿ ಮೇಯಲು ಹೋಗುತ್ತದೆ, ಹಾಲೂಡಿಸಲು ಬರುತ್ತದೆ. ಒಂಟಿಯಾಗಿ ಕಂಡ ಮಾತ್ರಕ್ಕೆ ಮರಿ ತಬ್ಬಲಿಯಲ್ಲ. ಆ ಸಾಲನ್ನು ಅಳಿಸಬೇಡಿ, ತಪ್ಪು ಮಾಡಿದೆ ಎಂದೇ ಬರೆಯಿರಿ. ಓದಿದ ರೈತರು ಮುಂದೆ ಮುಟ್ಟದೆ ದೂರ ನಿಂತಾರು.

ಎರಡು ಪುಟ ಸಾಕು. ತಿದ್ದಿ ಕಳಿಸುವಾಗ ಇನ್ನೊಂದನ್ನು ಸೇರಿಸಿ: ಅಂದು ಸಂಜೆ ತಾಯಿ ಮರಳಿ ಬಂತೇ? ಅದನ್ನು ನೀವು ಎಲ್ಲಿಯೂ ಹೇಳಿಲ್ಲ.